ಒಂದು ರಾತ್ರಿಯ ರಸೀದಿ

ನಮ್ಮ ಟಾರ್ವಿಕ್ ಊರಿನಲ್ಲಿ ಒಂದೇ ಒಂದು ರಾತ್ರಿ ಮಲಗೆದ್ದು ಸೌತ್ ಡಕೋಟಾ ರಾಜ್ಯದವರಾಗಿ ಹೋದವರು ಎಷ್ಟು ಜನ ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವರಿಗೆಲ್ಲ ರಸೀದಿ ಬರೆದುಕೊಟ್ಟವಳು ಮಾತ್ರ ನಾನೇ, ಇರ್ಮಾ ಕ್ಲೈನ್‌ಸಾಸರ್. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ನನ್ನ ಕ್ಯಾಂಪು. ಮೂವತ್ತೆರಡು ಗಾಡಿ ನಿಲ್ಲುವ ಜಾಗ, ನೀರು, ಕರೆಂಟು, ಬಟ್ಟೆ ಒಗೆಯುವ ಕೋಣೆ, ಮೂಲೆಯಲ್ಲಿ ಎರಡು ಪುಟ್ಟ ಮರದ ಮನೆ.

ಬರುವವರು ಮನೆ ಮಾರಿಕೊಂಡು ಬಂದಿರುತ್ತಾರೆ. ಬಸ್ಸಿನಷ್ಟು ದೊಡ್ಡ ಗಾಡಿಯೊಳಗೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಇಟ್ಟುಕೊಂಡು, ಇನ್ನು ಸಾಯುವ ತನಕ ರಸ್ತೆಯೇ ಮನೆ ಅನ್ನುವ ಜನ. ಆದರೆ ರಸ್ತೆಯಲ್ಲಿರುವವನ ಲೈಸೆನ್ಸಿನ ಮೇಲೂ ಒಂದು ರಾಜ್ಯದ ಹೆಸರು ಇರಬೇಕಲ್ಲ. ನಮ್ಮ ರಾಜ್ಯ ಪಿಂಚಣಿಯ ಮೇಲೆ ತೆರಿಗೆ ಹಾಕುವುದಿಲ್ಲ. ಇಲ್ಲಿ ಒಂದು ರಾತ್ರಿ ತಂಗಿದ ರಸೀದಿ, ಟಪಾಲು ಇಸಿದುಕೊಂಡು ಮುಂದಕ್ಕೆ ಕಳಿಸುವ ಅಂಗಡಿಯಲ್ಲೊಂದು ಪೆಟ್ಟಿಗೆ ನಂಬರು, ಮೇಲೊಂದು ಅಫಿಡವಿಟ್ಟು, ಇಷ್ಟಿದ್ದರೆ ಮಾರನೆಯ ದಿನ ಮಧ್ಯಾಹ್ನದೊಳಗೆ ನೀವು ನಮ್ಮವರು. ಲೈಸೆನ್ಸ್ ಜೇಬಿಗೆ ಬಿದ್ದದ್ದೇ ಚಳಿಯಿಲ್ಲದ ಅರಿಜೋನಾ ಕಡೆ ಹೊರಟುಬಿಡುತ್ತಾರೆ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಊಟ ನಡೆಯುವುದು ಅವರಿಂದಲೇ ಅನ್ನುವುದಕ್ಕೆ ಇನ್ನಷ್ಟು ಆಗುತ್ತಿರಲಿಲ್ಲ.

ಲೀಲ್ಯಾಂಡ್ ಮತ್ತು ರೊಸೆಲ್ಲಾ ಒಬರ್ಮಾರ್ಕ್ ಬಂದದ್ದು ಸೆಪ್ಟೆಂಬರಿನ ಮೂರನೆಯ ವಾರದಲ್ಲಿ, ಮಿನ್ನೆಸೋಟಾದಿಂದ. ಗಾಡಿ ಎಷ್ಟು ಹೊಸದೆಂದರೆ ಗಾಜಿನ ಮೇಲೆ ಅಂಗಡಿಯವನ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಿಂದೆ ಒಂದು ಸಣ್ಣ ಕಾರನ್ನು ಎಳೆದುಕೊಂಡು ಬಂದಿದ್ದರು. ಕಾರು ಬಿಚ್ಚಿ, ಗಾಡಿಯನ್ನು ಹಿಂದಕ್ಕೆ ತೆಗೆದು ಜಾಗದಲ್ಲಿ ನಿಲ್ಲಿಸುವುದಕ್ಕೆ ಆ ಮನುಷ್ಯನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆಕೆ ಗಾಳಿಯಲ್ಲಿ ನಿಂತು ಕೈ ತೋರಿಸುತ್ತಿದ್ದಳು.

"ಎಡಕ್ಕೆ ಅಂದ್ರೆ ಯಾರ ಎಡಕ್ಕೆ? ನಿನ್ನ ಎಡಕ್ಕೋ ನನ್ನ ಎಡಕ್ಕೋ?" ಅಂತ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಕಂಬ ಇರೋ ಎಡಕ್ಕೆ," ಅಂದಳು ಅವಳು.

"ಹಂಗಂತ ಮೊದಲೇ ಹೇಳೋಕೆ ಬಾಯಿಗೆ ಏನಾಗಿತ್ತು?"

ಅವಳು ಕೈ ಇಳಿಸಿಬಿಟ್ಟಳು. ಗಾಡಿ ಹೋಗಿ ನನ್ನ ಕರೆಂಟಿನ ಕಂಬಕ್ಕೆ ತಾಗಿತು.

ಆಮೇಲೆ ಅವನು ಆಫೀಸಿಗೆ ಬಂದ. ಎತ್ತರದ ಆಳು, ಬಿಸಿಲಿಗೆ ಬೆಂದ ಕುತ್ತಿಗೆ, ಕಂಕುಳಲ್ಲಿ ಒಂದು ದಪ್ಪ ಫೈಲು. ಕಂಬದ ವಿಷಯ ಎತ್ತಲೇ ಇಲ್ಲ.

"ಒಂದು ರಾತ್ರಿ. ರಸೀದಿ ಎರಡು ಬೇಕು, ಇಬ್ಬರ ಹೆಸರಲ್ಲೂ ಬೇರೆ ಬೇರೆ. ಅಕ್ಷರ ತಪ್ಪಾದ್ರೆ ಲೈಸೆನ್ಸ್ ಕಚೇರಿಯವರು ತಗೊಳ್ಳಲ್ಲ, ಗೊತ್ತಿರಬೇಕು ನಿಮಗೆ."

"ನಿಮ್ಮಂಥೋರಿಗೆ ಬರೆದು ಬರೆದು ಕೈ ಸವೆದಿದೆ ಸಾರ್. ಗೊತ್ತಿಲ್ಲದೆ ಏನು," ಅಂದೆ. "ನನ್ನ ಕಂಬಕ್ಕೂ ಒಂದು ರಸೀದಿ ಬರೀಲಾ?"

ಅವನು ನನ್ನನ್ನು ನೋಡಿದ. "ಆ ಕಂಬ ಇರಬಾರದ ಕಡೆ ಇದೆ," ಅಂದು, ರಸೀದಿಯ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ, ಫೈಲಿಗೆ ಸೇರಿಸಿಕೊಂಡು ಹೋದ. ಮೂವತ್ತೊಂದು ವರ್ಷ ಅವನು ಅಂಚೆಯವನಾಗಿದ್ದ ಅಂತ ಆಮೇಲೆ ತಿಳಿಯಿತು.

ಸಂಜೆ ಊಟದ ಹೊತ್ತಿಗೆ ಮುಂಚೆ ನಾನು ಒಗೆಯುವ ಕೋಣೆಯ ನೆಲ ಒರೆಸುತ್ತಿದ್ದೆ. ರೊಸೆಲ್ಲಾ ಬಟ್ಟೆಯ ಬುಟ್ಟಿ ಹಿಡಿದು ಬಂದಳು. ಅರವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ನೆಟ್ಟಗೆ ಕೂತು ಕೆಲಸ ಮಾಡಿ ರೂಢಿಯಾದವರ ಬೆನ್ನು. ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಅಲ್ಲೇ ನಿಂತಳು.

"ಇಲ್ಲಿ ಜನವರಿ ಹೇಗಿರುತ್ತೆ?" ಅಂತ ಕೇಳಿದಳು.

"ನಿಮಗೆ ಯಾಕೆ ಅದು? ಜನವರಿಗೆ ನೀವು ಅರಿಜೋನಾದಲ್ಲಿ ಕಿತ್ತಳೆಹಣ್ಣು ಸುಲೀತಾ ಇರ್ತೀರ."

"ನಾಳೆ ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ಎಲ್ಲಿ ಹೋದ್ರೂ ಈ ರಾಜ್ಯಕ್ಕೇ ವಾಪಸ್ ಬಂದು ಇರ್ತೀನಿ ಅಂತ. ಬಂದು ಇರೋ ಜಾಗ ಹೇಗಿದೆ ಅಂತ ಕೇಳಬೇಕಲ್ಲ."

ನಾನು ಕ್ಯಾಂಪು ನಡೆಸಿದ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನನಗೆ ಸಿಟ್ಟೇ ಬಂತು. "ಆ ಕಾಗದ ಯಾರೂ ಓದಲ್ಲ. ಸಹಿ ಹಾಕ್ತಾರೆ, ಹೋಗ್ತಾರೆ," ಅಂದೆ.

"ನಾನು ಓದ್ತೀನಿ," ಅಂದಳು. "ಒರೆಸಿದ ನೀರು ಆ ಮೂಲೇಲಿ ನಿಂತಿದೆ ನೋಡಿ."

ಬೆಳಿಗ್ಗೆ ಅವರ ಸಣ್ಣ ಕಾರು ಚಾಲೂ ಆಗಲಿಲ್ಲ. ಎಳೆದುಕೊಂಡು ಬರುವಾಗ ಏನನ್ನೋ ಆರಿಸದೆ ಬಿಟ್ಟು ಬ್ಯಾಟರಿ ಇಳಿದುಹೋಗಿತ್ತು. ಬಿಟ್ಟವನು ಅವನೇ, ಬೈಸಿಕೊಂಡವಳು ಅವಳು. ನಾನು ಹೇಗೂ ಊರೊಳಗೆ ಹೋಗುವವಳಿದ್ದೆ, ನನ್ನ ಪಿಕಪ್ಪಿನ ನಂಬರು ಹಲಗೆಗೆ ಅಂಟಿಸುವ ವರ್ಷದ ಚೀಟಿ ತರುವುದಿತ್ತು. ಕರೆದುಕೊಂಡು ಹೋಗುತ್ತೇನೆ ಅಂದೆ. ಒಂದೇ ಸೀಟು, ಮೂರು ಜನ. ನಡುವೆ ಅವಳು, ಮೊಣಕಾಲ ಮೇಲೆ ಅವನ ಫೈಲು.

ನಮ್ಮ ಕೌಂಟಿ, ಅಂದರೆ ಜಿಲ್ಲೆಯ, ಕಚೇರಿಯಲ್ಲಿ ಲೈಸೆನ್ಸಿಗೂ ಗಾಡಿ ನಂಬರಿಗೂ ಒಂದೇ ಕಿಟಕಿ. ಕಿಟಕಿಯ ಹಿಂದೆ ಟ್ವೈಲಾ. ಅವಳೂ ನಾನೂ ಒಂದೇ ಶಾಲೆ, ಒಂದೇ ತರಗತಿ. ನನ್ನ ಕ್ಯಾಂಪು ಊರಿಗೆ ಹತ್ತಿದ ಕಜ್ಜಿ ಅಂತ ಅವಳು ಚರ್ಚಿನಲ್ಲಿ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿ ಅಂತಲೇ ಹೇಳಿದ್ದಳು.

"ಇವತ್ತು ನೀನೇ ಹೊತ್ಕೊಂಡು ಬಂದ್ಯೇನೇ?" ಅಂದಳು ನನ್ನನ್ನು ಕಂಡು. "ಮನೆ ಬಾಗಿಲಿಗೆ ತಂದುಕೊಡೋ ಸೇವೆ ಯಾವಾಗ ಶುರುವಾಯ್ತು?"

"ನಿನ್ನ ಮುಖ ನೋಡಿ ಓಡಿಹೋಗದೆ ಇರಲಿ ಅಂತ ಜೊತೇಲಿ ಬಂದೆ ಕಣೇ," ಅಂದೆ.

ಅವಳು ಲೀಲ್ಯಾಂಡನ ಕಾಗದಗಳನ್ನು ತಿರುವಿದಳು. "ಈ ಟಪಾಲು ಅಂಗಡಿ ವಿಳಾಸದಲ್ಲಿ ಆಗಲೇ ನಾಲ್ಕು ಸಾವಿರ ಜನ ಇದ್ದಾರೆ. ನಾನು ಆ ಕಟ್ಟಡ ನೋಡಿದೀನಿ. ಒಂದು ಸಲೂನಿನಷ್ಟಿದೆ. ಮಲಗೋಕೆ ಸರದಿಯೋ ಏನೋ."

"ಕಾಗದ ಬರೋ ಜಾಗ ಯಾವುದೋ ಅದೇ ವಿಳಾಸ," ಅಂದ ಲೀಲ್ಯಾಂಡ್. "ನನಗೆ ಹೇಳಿಕೊಡಬೇಡಿ. ಜೀವಮಾನ ಎಲ್ಲ ಅದನ್ನೇ ಮಾಡಿದೀನಿ. ಕಾನೂನು ಒಪ್ಪುತ್ತೆ, ನೀವು ಒಪ್ಪಬೇಕಿಲ್ಲ. ಮುದ್ರೆ ಹೊಡೀರಿ."

ಟ್ವೈಲಾ ಮುದ್ರೆ ಹೊಡೆದಳು. ಅವನು ಅಫಿಡವಿಟ್ಟಿಗೆ ನೋಡದೆಯೇ ಸಹಿ ಹಾಕಿದ. ಫೋಟೋ ತೆಗೆದದ್ದಾಯಿತು. ಆಮೇಲೆ ರೊಸೆಲ್ಲಾಳ ಸರದಿ. ಅವಳು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದಳು. ಹಿಂದೆ ಇಬ್ಬರು ರೈತರು ಬಂದು ನಿಂತರು. ಅವಳು ಓದುತ್ತಲೇ ಇದ್ದಳು.

"ಲೀಲ್ಯಾಂಡ್, ನಾವು ಇಲ್ಲಿಗೆ ವಾಪಸ್ ಬರ್ತೀವಾ?" ಅಂದಳು ಕೊನೆಗೆ.

"ಅದು ಒಂದು ಫಾರಂ ರೊಸೆಲ್ಲಾ."

"ಬರ್ತೀವಾ ಅಂತ ಕೇಳಿದೆ."

"ಐದು ವರ್ಷಕ್ಕೊಂದು ಸಲ ಲೈಸೆನ್ಸಿಗೆ ಬರ್ತೀವಿ. ಹಾಕು ಸಹಿ, ಜನ ಕಾಯ್ತಾ ಇದ್ದಾರೆ."

"ಇದರಲ್ಲಿ ಹಾಗೆ ಬರೆದಿಲ್ಲ. ಇದೇ ನನ್ನ ಖಾಯಂ ಮನೆ, ಎಲ್ಲಿ ಹೋದ್ರೂ ಇಲ್ಲಿಗೇ ತಿರುಗಿ ಬರೋ ಉದ್ದೇಶ ನನಗಿದೆ, ಸುಳ್ಳಾದ್ರೆ ಶಿಕ್ಷೆಗೆ ಒಳಪಡ್ತೀನಿ ಅಂತ ಬರೆದಿದೆ." ಅವಳು ಪೆನ್ನನ್ನು ಕಾಗದದ ಪಕ್ಕಕ್ಕೆ ಇಟ್ಟಳು. "ಇಪ್ಪತ್ನಾಲ್ಕು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳಿಗೆ ಪ್ರಮಾಣ ಬೋಧಿಸಿದವಳು ನಾನು. ಕೈ ಎತ್ತಿ ಸುಳ್ಳು ಹೇಳೋರನ್ನ ದಿನಾ ನೋಡಿದೀನಿ. ಅವರ ಮುಖ ಹೇಗಿರುತ್ತೆ ಗೊತ್ತು ನನಗೆ. ಇದಕ್ಕೆ ನಾನು ಸಹಿ ಹಾಕಲ್ಲ."

ಲೀಲ್ಯಾಂಡನ ಕುತ್ತಿಗೆ ಇನ್ನೂ ಕೆಂಪಾಯಿತು. ದನಿ ತಗ್ಗಿಸಿ ಮಾತಾಡಿದ. ಕೂಗಿದ್ದರೆ ಇಷ್ಟು ಕೆಟ್ಟದಾಗಿ ಇರುತ್ತಿರಲಿಲ್ಲ.

"ಮನೆ ಮಾರಿ ಆಗಿದೆ. ನೀನು ಈಗ ಮಿನ್ನೆಸೋಟಾದವಳಲ್ಲ. ಇದಕ್ಕೂ ಸಹಿ ಹಾಕದೆ ಹೋದ್ರೆ ನೀನು ಎಲ್ಲಿಯವಳೂ ಅಲ್ಲ. ತಿಳೀತಾ?"

"ಮನೆ ಮಾರೋ ಕಾಗದ ನನ್ನ ಮುಂದಿಟ್ಟಾಗಲೂ ಅದೊಂದು ಫಾರಂ ಅಂದಿದ್ದೆ ನೀನು. ಸೊಂಟದ ಆಪರೇಷನ್ ಆಗಿ ಹತ್ತು ದಿನ ಆಗಿತ್ತು. ಅದು ನನ್ನಮ್ಮನ ಮನೆ. ಆವತ್ತು ಓದದೆ ಹಾಕಿದೆ. ಅದು ನನ್ನ ತಪ್ಪು, ನಿನ್ನದಲ್ಲ. ಇನ್ನೊಂದ್ಸಲ ಮಾಡಲ್ಲ."

"ಮುಂದಿನವರು ಬನ್ನಿ," ಅಂದಳು ಟ್ವೈಲಾ.

ಅವಳು ಸಹಿ ಹಾಕದಿದ್ದರೆ ಅವನೊಬ್ಬನೇ ಹೊರಟುಬಿಡಬಹುದಿತ್ತು ಅಂತ ನೀವು ಅಂದುಕೊಳ್ಳಬಹುದು. ಆಗಲಿಲ್ಲ. ಗಾಡಿ ಇಬ್ಬರ ಹೆಸರಿನಲ್ಲಿತ್ತು. ಹೊಸ ಗಾಡಿಗೆ ಅಂಗಡಿಯವರು ಕೊಟ್ಟ ಕಾಗದದ ನಂಬರು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿತ್ತು. ನಮ್ಮ ರಾಜ್ಯದ ನಂಬರು ಬೇಕಾದರೆ ಅರ್ಜಿಯಲ್ಲಿ ಇಬ್ಬರ ಸಹಿಯೂ ಬೇಕು ಅಂತ ಟ್ವೈಲಾ ಕಡ್ಡಿ ಮುರಿದಂತೆ ಹೇಳಿದಳು. ಆ ಅರ್ಜಿಯಲ್ಲೂ ವಾಸ ಇಲ್ಲಿಯೇ ಅನ್ನುವ ಒಂದು ಸಾಲು ಇತ್ತು. ರೊಸೆಲ್ಲಾ ಅದನ್ನೂ ಓದಿ ಮುಟ್ಟಲಿಲ್ಲ.

ಹೀಗೆ ಒಂದು ರಾತ್ರಿಗೆ ಬಂದವರು ನನ್ನ ಹದಿನಾಲ್ಕನೇ ಜಾಗದಲ್ಲಿ ಉಳಿದರು. ಅವನು ಗಾಡಿಯ ಮುಂದಿನ ಸೀಟಿನಲ್ಲಿ ಕೂತು ನಕಾಶೆ ನೋಡುವುದು, ಅವಳು ಹೊರಗೆ ಮಡಚುವ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಕೂರುವುದು. ಊಟ ಬೇರೆ ಬೇರೆ ಹೊತ್ತಿಗೆ. ನೋಡಿದವರು ಯಾರೋ ಗುರುತಿಲ್ಲದ ಇಬ್ಬರು ಒಂದು ಗಾಡಿ ಹಂಚಿಕೊಂಡಿದ್ದಾರೆ ಅನ್ನಬೇಕು. ಪಕ್ಕದ ಜಾಗದಲ್ಲಿ ಮೀನು ಹಿಡಿಯಲು ಬಂದಿದ್ದ ಅಯೋವಾದವನು ಬೇರೆ ಜಾಗ ಕೊಡು ಅಂತ ನನ್ನನ್ನು ಕೇಳಿದ. ಅವರು ಜಗಳ ಆಡಿದರೆ ಪರವಾಗಿಲ್ಲ, ಆಡದೆ ಇರುವುದನ್ನು ನೋಡಲಾಗುವುದಿಲ್ಲ ಅಂದ.

ಒಂದು ದಿನ ಲೀಲ್ಯಾಂಡ್ ಆಫೀಸಿನ ಬಾಗಿಲು ದೂಡಿಕೊಂಡು ಬಂದ.

"ಅವಳ ತಲೇಲಿ ಇದನ್ನ ತುಂಬಿದ್ದು ನೀವೇ. ಮೊದಲ ದಿನ ಒಗೆಯೋ ಕೋಣೇಲಿ ಏನು ಹೇಳಿದ್ರಿ ಅವಳಿಗೆ?"

"ನಿಮ್ಮ ಹೆಂಡತಿ ತಲೇಲಿ ಏನಿದೆ ಅಂತ ನಿಮಗೇ ಇಷ್ಟು ವರ್ಷ ಗೊತ್ತಾಗಿಲ್ಲ, ನನಗೆ ಒಂದು ಸಂಜೇಲಿ ಗೊತ್ತಾಗುತ್ತಾ?"

"ನಿಮ್ಮ ವ್ಯಾಪಾರ ನಡೀತಾ ಇರೋದೇ ಈ ಕಾಗದದಿಂದ. ಸಾವಿರಾರು ಜನ ಹಾಕಿದ ಸಹಿ ಸುಳ್ಳಲ್ಲ, ನಾನು ಹಾಕಿದ್ದು ಮಾತ್ರ ಸುಳ್ಳೋ?"

"ಅದು ನನ್ನ ತಲೆನೋವಲ್ಲ. ನಾನು ಮಲಗಿದ್ದಕ್ಕೆ ರಸೀದಿ ಕೊಡ್ತೀನಿ. ಮಲಗಿದ್ದು ನಿಜ."

ಅವನು ಕುರ್ಚಿ ಎಳೆದು ಕೂತುಬಿಟ್ಟ. ನಾನು ಕೂರಿ ಅಂದಿರಲಿಲ್ಲ. "ಟಪಾಲು ಹಂಚಿದ್ದು ಅದೇ ಒಂಬತ್ತು ಬೀದಿ," ಅಂದ. "ಮೂವತ್ತೊಂದು ವರ್ಷ. ಯಾವ ಮನೆ ಮೆಟ್ಟಿಲು ಎಷ್ಟು, ಯಾವ ನಾಯಿ ಯಾವಾಗ ಸತ್ತಿತು, ಎಲ್ಲ ಗೊತ್ತು. ನೋಡಿದ ಬೀದೀನ ಇನ್ನೊಂದ್ಸಲ ನೋಡಬಾರದು ಅಂತ ಆಸೆ ಇತ್ತು. ಅಷ್ಟೇ. ಅದು ಅಪರಾಧವಾ?"

ಆ ಕ್ಷಣ ನನಗೆ ಅವನ ಮೇಲೆ ಒಂದಿಷ್ಟು ಕನಿಕರ ಬಂತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಅವನು ಎದ್ದು ನಿಂತು, "ನಲವತ್ತು ವರ್ಷ ಸಂಸಾರ ಮಾಡಿದವಳು ಒಂದು ಸಹಿಗೆ ಹೀಗೆ ಆಡ್ತಾಳೆ ಅಂದ್ರೆ ಅವಳಿಗೆ ತಲೆ ಕೆಟ್ಟಿದೆ. ಡಾಕ್ಟರಿಗೆ ತೋರಿಸ್ತೀನಿ," ಅಂದ. ಬಂದ ಕನಿಕರ ಹಾಗೇ ವಾಪಸ್ ಹೋಯಿತು.

ಅಕ್ಟೋಬರ್ ಎರಡನೆಯ ತಾರೀಕು ಬೆಳಿಗ್ಗೆ ಟ್ವೈಲಾಳ ಫೋನು ಬಂತು. ಚರ್ಚಿನಲ್ಲಿ ಆ ಮಾತು ಆಡಿದ ಮೇಲೆ ನಾಲ್ಕು ವರ್ಷದಲ್ಲಿ ಅವಳಾಗಿ ಫೋನು ಮಾಡಿದ್ದು ಅದೇ ಮೊದಲು.

"ಆ ಓದೋ ಹೆಂಗಸು ಅಲ್ಲೇ ಇದ್ದಾಳೇನೇ?"

"ಇದ್ದಾಳೆ. ಯಾಕೆ?"

"ಅವಳ ಗಂಡ ಇಲ್ಲಿ ನಿಂತಿದಾನೆ. ಅರ್ಜೀಲಿ ಇಬ್ಬರ ಸಹಿನೂ ಇದೆ. ಇವಳು ಸಹಿ ಹಾಕಿದಾಳೆ ಅಂದ್ರೆ ನಾನು ನಂಬಲ್ಲ. ಕರ್ಕೊಂಡು ಬಾ. ಬರೋ ತನಕ ಇವನನ್ನ ಕೂರಿಸಿರ್ತೀನಿ."

ರೊಸೆಲ್ಲಾ ಕುರ್ಚಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದಳು. ಹೇಳಿದೆ. ಚಾಕು ಒರೆಸಿ ಮಡಚಿ ಜೇಬಿಗೆ ಹಾಕಿಕೊಂಡು ಪಿಕಪ್ಪು ಹತ್ತಿದಳು.

ಕಚೇರಿಯಲ್ಲಿ ಲೀಲ್ಯಾಂಡ್ ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಕಂಡವನೇ, "ರೊಸೆಲ್ಲಾ, ಒಂದು ಮಾತು ಹೇಳು, ಮುಗಿದುಹೋಗುತ್ತೆ. ನಿನ್ನದೇ ಅಂತ ಹೇಳು," ಅಂದ.

ಟ್ವೈಲಾ ಅರ್ಜಿಯನ್ನು ಕಿಟಕಿಯಿಂದ ಈಚೆ ತಳ್ಳಿದಳು. ರೊಸೆಲ್ಲಾ ಕನ್ನಡಕ ಹಾಕಿಕೊಂಡಳು. ಸಹಿ ಅವಳದರಂತೆಯೇ ಇತ್ತು. ನಲವತ್ತು ವರ್ಷ ಅವಳ ಸಹಿ ನೋಡಿದವನು ಬರೆದದ್ದು.

"ಇದು ನನ್ನ ಸಹಿ ಅಲ್ಲ," ಅಂದಳು.

ಕೌಂಟಿಯ ಸರ್ಕಾರಿ ವಕೀಲರನ್ನು ಕರೆಸಿದರು. ಅದೇ ಕಟ್ಟಡದ ಮಹಡಿಯ ಮೇಲೆ ಅವರ ಕೋಣೆ. ದೂರು ಕೊಡುತ್ತೀರಾ ಅಂತ ಅವರು ಅವಳನ್ನು ಕೇಳಿದರು.

"ನಾನು ಬರೆದಿಲ್ಲ ಅಂತ ಬರೆದುಕೊಡ್ತೀನಿ. ಅದಕ್ಕಿಂತ ಒಂದಕ್ಷರ ಜಾಸ್ತಿ ಬರೆಯಲ್ಲ, ಒಂದಕ್ಷರ ಕಮ್ಮಿನೂ ಬರೆಯಲ್ಲ. ಮುಂದಿನದು ನಿಮ್ಮ ಕೆಲಸ," ಅಂದಳು.

ವಕೀಲರು ಲೀಲ್ಯಾಂಡನನ್ನು ಒಳಗೆ ಕೂರಿಸಿಕೊಂಡು ಒಂದು ಗಂಟೆ ಬೈದು ಬಿಟ್ಟುಬಿಟ್ಟರು. ಹೊರಗೆ ಬಂದವನು ಅವಳ ಮುಂದೆ ನಿಂತು, "ನನ್ನನ್ನ ಜೈಲಿಗೆ ಹಾಕಿಸ್ತಿದ್ದೆ ನೀನು," ಅಂದ.

"ಕೇಳಿದ್ದಕ್ಕೆ ನಿಜ ಹೇಳಿದೆ. ಜೈಲು ನೀನು ತಂದುಕೊಂಡಿದ್ದು."

"ನಿನ್ನ ಜೊತೆ ಒಂದು ಮೈಲಿನೂ ಬರಲ್ಲ ನಾನು ಇನ್ನು."

"ಅದನ್ನ ಬರೆದುಕೊಡು, ಓದಿ ಸಹಿ ಹಾಕ್ತೀನಿ," ಅಂದಳು ರೊಸೆಲ್ಲಾ.

ನಿಜಕ್ಕೂ ಬರೆದರು. ಅವರ ಊರಿನ ವಕೀಲನ ಮೂಲಕ, ಗಾಡಿ ಅವನಿಗೆ, ಸಣ್ಣ ಕಾರು ಅವಳಿಗೆ, ಮನೆ ಮಾರಿ ಬಂದ ಹಣ ಅರ್ಧ ಅರ್ಧ. ಅವಳು ಗಾಡಿಯ ಹಕ್ಕು ಬಿಟ್ಟುಕೊಡುವ ಕಾಗದವನ್ನು ಎರಡು ಸಲ ಓದಿ, ಒಂದು ಕಡೆ ತಾರೀಕು ತಿದ್ದಿಸಿ, ಸಹಿ ಹಾಕಿದಳು. ಅಕ್ಟೋಬರ್ ಹದಿನೇಳಕ್ಕೆ ಲೀಲ್ಯಾಂಡ್ ನಮ್ಮ ರಾಜ್ಯದ ನಂಬರು ತಗುಲಿಸಿಕೊಂಡು ದಕ್ಷಿಣಕ್ಕೆ ಹೊರಟ. ಹೋಗುವಾಗ ಗಾಡಿಯನ್ನು ತಿರುಗಿಸಲು ಬರದೆ ಒದ್ದಾಡಿದ. ಕೈ ತೋರಿಸಲು ಯಾರೂ ಹೋಗಲಿಲ್ಲ. ಅವನ ಸುದ್ದಿ ಆಮೇಲೆ ನನಗೆ ಗೊತ್ತಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬಂತು, ರೊಸೆಲ್ಲಾಳ ಹೆಸರಿಗೆ, ಟೆಕ್ಸಾಸಿನ ಮುದ್ರೆ. ಅವಳು ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ಅವನು ಹೊರಟ ದಿನವೇ ಅವಳು ಎರಡು ಚೀಲ, ಬಟ್ಟೆಯ ಬುಟ್ಟಿ ಹಿಡಿದು ಆಫೀಸಿಗೆ ಬಂದಿದ್ದಳು.

"ಆ ಮರದ ಮನೆ ಚಳಿಗಾಲಕ್ಕೆ ಬಾಡಿಗೆಗೆ ಸಿಗುತ್ತಾ?"

"ಇದು ಧರ್ಮಛತ್ರ ಅಲ್ಲ."

"ಬಾಡಿಗೆಗೆ ಅಂದೆ. ಕಿವಿ ಕೇಳಿಸುತ್ತಲ್ಲ ನಿಮಗೆ."

"ನಿಮ್ಮ ಕಡೆಯವರು ಯಾರೂ ಇಲ್ವಾ? ಮಕ್ಕಳು, ಅಕ್ಕತಂಗಿ?"

"ತಂಗಿ ಇದ್ದಾಳೆ, ಡುಲೂತ್‌ನಲ್ಲಿ. ಮೊದಲೇ ಹೇಳಿರಲಿಲ್ವಾ ಅಂತ ದಿನಕ್ಕೆ ಮೂರು ಸಲ ಹೇಳ್ತಾಳೆ. ಅದಕ್ಕಿಂತ ನೀವೇ ವಾಸಿ. ನೀವು ಮೊದಲು ಏನೂ ಹೇಳಿರಲಿಲ್ಲ."

ಬೀಗದ ಕೈ ಕೊಟ್ಟೆ. ನಾವಿಬ್ಬರೂ ಸ್ನೇಹಿತರಾದೆವು ಅಂತ ತಿಳಿಯಬೇಡಿ. ಆ ಚಳಿಗಾಲ ಕ್ಯಾಂಪಿನಲ್ಲಿ ಇದ್ದದ್ದು ನಾವಿಬ್ಬರೇ, ನಲವತ್ತು ಹೆಜ್ಜೆ ದೂರದಲ್ಲಿ. ಒಗೆಯುವ ಕೋಣೆಯಲ್ಲಿ ನಾನು ಬರೆದು ಅಂಟಿಸಿದ ಸೂಚನೆಗಳಲ್ಲಿ ಅವಳು ತಪ್ಪು ಹುಡುಕಿ ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. ನಾನು ಅಳಿಸುತ್ತಿದ್ದೆ. ಆಲೂಗಡ್ಡೆ, ಮಾಂಸ ಒಂದೇ ಪಾತ್ರೆಯಲ್ಲಿ ಬೇಯಿಸಿ ನಾನು ಮಾಡಿದ ಹಾಟ್‌ಡಿಶ್ ಒಂದು ಭಾನುವಾರ ಕೊಟ್ಟರೆ, ಪಾತ್ರೆ ತೊಳೆದು ವಾಪಸ್ ತಂದು, "ಉಪ್ಪು ಜಾಸ್ತಿ," ಅಂದಳು. ಹಿಮಗಾಳಿ ಎದ್ದು ಮೂರು ದಿನ ದಾರಿ ಮುಚ್ಚಿದಾಗ ನಾನು ದಿಕ್ಕು ತಪ್ಪದ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗಿ ಅವಳ ಬಾಗಿಲು ಬಡಿದೆ. ಬಾಗಿಲು ತೆರೆಯದೆ ಒಳಗಿನಿಂದಲೇ, "ಬದುಕಿದೀನಿ, ಹೋಗಿ," ಅಂದಳು.

ಜನವರಿ ಕೊನೆಯ ವಾರ, ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವಂಥ ಒಂದು ಬೆಳಿಗ್ಗೆ, ಅವಳು ತನ್ನ ಕಾರು ತೆಗೆದುಕೊಂಡು ಊರೊಳಗೆ ಹೋಗಿ ಆ ಅಫಿಡವಿಟ್ಟಿಗೆ ಸಹಿ ಹಾಕಿ ಬಂದಳು. ನನಗೆ ಹೇಳಿದವಳು ಟ್ವೈಲಾ, ಬೇಕರಿಯಲ್ಲಿ.

"ಅವತ್ತಿನ ಫಾರಮ್ಮೇ ಕಣೇ. ಮತ್ತೆ ಮೊದಲಿಂದ ಕೊನೇ ತನಕ ಓದಿದಳು. ನೀವೇನು ಇಲ್ಲೇ ಸಾಯ್ತೀರಾ ಅಂತ ಕೇಳಿದೆ. ಅದನ್ನ ಫಾರಮ್ಮಲ್ಲಿ ಕೇಳಿಲ್ಲ ಅಂದಳು."

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಅವಳ ಬಗ್ಗೆ ಒಳ್ಳೆಯ ಮಾತೇ ಆಡುತ್ತಿದ್ದೆ.

ಏಪ್ರಿಲಿನಲ್ಲಿ ನನ್ನ ಕ್ಯಾಂಪಿನ ಪರವಾನಗಿ ನವೀಕರಣಕ್ಕೆ ಬಂತು. ಹತ್ತು ವರ್ಷಕ್ಕೊಂದು ಸಲ ಕೌಂಟಿ ಮಂಡಳಿ ಸಭೆ ಕರೆದು, ಊರಿನವರಲ್ಲಿ ಯಾರಿಗಾದರೂ ಹೇಳುವುದಿದೆಯೇ ಅಂತ ಕೇಳುತ್ತದೆ. ಕಳೆದ ಸಲ ಟ್ವೈಲಾಳ ಗಂಡ ಮಾತ್ರ ಎದ್ದಿದ್ದ. ಈ ಸಲ ಅವನು ಎದ್ದು, ಗಲಾಟೆ, ಕಸ, ಟಾಯ್ಲೆಟ್ ಟ್ಯಾಂಕಿನ ವಾಸನೆ ಅಂತ ಹಳೆಯ ಪಾಠ ಒಪ್ಪಿಸಿ ಕೂತ. ಅಧ್ಯಕ್ಷರು ಇನ್ನು ಯಾರಾದರೂ ಅಂದರು. ಹಿಂದಿನ ಸಾಲಿನಿಂದ ರೊಸೆಲ್ಲಾ ಎದ್ದಳು. ನನ್ನ ಪರವಾಗಿ ಮಾತಾಡಲು ಬಂದಿದ್ದಾಳೆ ಅಂದುಕೊಂಡೆ. ಆರು ತಿಂಗಳು ನನ್ನ ಸೂರಿನ ಕೆಳಗೆ ಇದ್ದವಳು.

"ನಾನು ಈ ಊರಿನ ನಿವಾಸಿ," ಅಂದಳು. "ಇರ್ಮಾ ಕ್ಲೈನ್‌ಸಾಸರ್ ಅವರ ಕ್ಯಾಂಪಿನಲ್ಲಿ ಕಸ ಇಲ್ಲ, ವಾಸನೆನೂ ಇಲ್ಲ. ಈಗ ಮಾತಾಡಿ ಕೂತವರು ಹೇಳಿದ್ದು ಸುಳ್ಳು. ಆದರೆ ಅಲ್ಲಿ ಒಂದು ರಾತ್ರಿ ಮಲಗೋರು ಮಾರನೇ ದಿನ ಹೋಗಿ ಪ್ರಮಾಣ ಮಾಡಿ ಸಹಿ ಹಾಕ್ತಾರೆ. ಓದದೆ ಹಾಕ್ತಾರೆ. ಇರ್ಮಾ ಅವರಿಗೆ ಅದು ಗೊತ್ತಿದೆ. ಹತ್ತೊಂಬತ್ತು ವರ್ಷದಿಂದ ಗೊತ್ತಿದೆ. ಯಾರೂ ಓದಲ್ಲ, ಹಾಕ್ತಾರೆ, ಹೋಗ್ತಾರೆ ಅಂತ ನನಗೇ ಹೇಳಿದ್ದಾರೆ. ಪರವಾನಗಿ ಕೊಡಬೇಡಿ ಅಂತ ನಾನು ಹೇಳಲ್ಲ. ರಸೀದಿ ಜೊತೆ ಆ ಅಫಿಡವಿಟ್ಟಿನ ಒಂದು ಪ್ರತಿನೂ ಕೊಡಲಿ. ರಾತ್ರಿಯೆಲ್ಲ ಇಟ್ಕೊಂಡು ಓದಲಿ. ಬೆಳಿಗ್ಗೆ ಬೇಕಾದ್ರೆ ಸಹಿ ಹಾಕಲಿ."

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಂಡಳಿ ಪರವಾನಗಿಯನ್ನು ಆ ಒಂದು ಷರತ್ತಿನ ಮೇಲೆ ನವೀಕರಿಸಿತು.

ಹೊರಗೆ ಕಾರಿನ ಹತ್ತಿರ ಅವಳನ್ನು ತಡೆದೆ. "ನನ್ನ ಮನೇಲಿ ಇದ್ಕೊಂಡು ನನ್ನ ಮೇಲೇ ಸಾಕ್ಷಿ ಹೇಳ್ತೀಯಾ?" ಅಂದೆ. ಏಕವಚನ ಬಾಯಿಂದ ತಾನಾಗಿ ಬಂತು.

"ಬಾಡಿಗೆ ಕೊಟ್ಟು ಇದ್ದೆ. ಬಾಯಿ ಬಾಡಿಗೆಗೆ ಕೊಟ್ಟಿರಲಿಲ್ಲ."

"ನಾಳೆಯೇ ಖಾಲಿ ಮಾಡು."

"ತಿಂಗಳ ಕೊನೆಗೆ ಮಾಡ್ತೀನಿ. ನೀನೇ ಸಹಿ ಹಾಕಿದ ಕರಾರಿನಲ್ಲಿ ಮೂವತ್ತು ದಿನ ಅಂತ ಇದೆ. ಓದಿಲ್ವಾ ನೀನು?"

ಮೇ ಒಂದಕ್ಕೆ ಅವಳು ಊರೊಳಗೆ, ಲುಥೆರನ್ ಚರ್ಚಿನ ಹಿಂದೆ, ಸತ್ತ ಶಿಕ್ಷಕರೊಬ್ಬರ ಹಳೆಯ ಮನೆಗೆ ಹೋದಳು. ಅಂಗಡಿಯಲ್ಲಿ ಎದುರಾದರೆ ನಾನು ಬೇರೆ ಸಾಲಿಗೆ ತಿರುಗುತ್ತಿದ್ದೆ. ಅವಳು ತಿರುಗುತ್ತಿರಲಿಲ್ಲ, ಇದ್ದ ಕಡೆಯೇ ನಿಂತು ಡಬ್ಬಿಗಳ ಮೇಲಿನ ಬರಹ ಓದುತ್ತಿದ್ದಳು. ನಾನು ಪ್ರತಿಗಳನ್ನು ಮಾಡಿಸಿ ಆಫೀಸಿನಲ್ಲಿ ಇಟ್ಟೆ, ರಸೀದಿಯ ಜೊತೆ ಕೊಟ್ಟೆ. ಬಹುತೇಕ ಜನ ಅದನ್ನು ಕಾಫಿ ಲೋಟದ ಕೆಳಗೆ ಇಟ್ಟುಕೊಂಡರು. ಜೂನಿನಲ್ಲಿ ಓಹಾಯೋದ ಒಂದು ಜೋಡಿ ಮಾತ್ರ ಬೆಳಿಗ್ಗೆ ಬಂದು ರಸೀದಿ ವಾಪಸ್ ಕೊಟ್ಟರು. ರಾತ್ರಿ ಓದಿದರಂತೆ. ಇನ್ನೊಂದು ವರ್ಷ ಯೋಚನೆ ಮಾಡುತ್ತೇವೆ ಅಂದರು. ಗಂಡ ಹೆಂಡತಿ ಕೈ ಕೈ ಹಿಡಿದುಕೊಂಡೇ ಹೋದರು. ಅದು ನನ್ನ ಸಿಟ್ಟನ್ನು ಏನೂ ಕಮ್ಮಿ ಮಾಡಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಕೋಳಿಮೊಟ್ಟೆ ಗಾತ್ರದವು. ಹನ್ನೆರಡು ನಿಮಿಷದಲ್ಲಿ ಆಫೀಸಿನ ಗಾಜು, ಒಗೆಯುವ ಕೋಣೆಯ ಸೂರು, ಎರಡೂ ಮರದ ಮನೆಯ ಕಿಟಕಿಗಳು ಹೋದವು. ಕ್ಯಾಂಪಿನಲ್ಲಿದ್ದ ಆರು ಗಾಡಿಯವರು ತಮ್ಮ ತಮ್ಮ ಗಾಡಿಯ ತಗ್ಗುಗಳ ಫೋಟೋ ತೆಗೆದುಕೊಂಡು ಸಂಜೆಯೊಳಗೆ ಜಾಗ ಖಾಲಿ ಮಾಡಿದರು. ಪಶ್ಚಿಮದಲ್ಲಿ ಇನ್ನೊಂದು ಮೋಡ ಕಪ್ಪಾಗಿ ಏಳುತ್ತಿತ್ತು. ನಾನೊಬ್ಬಳೇ ಏಣಿ ಹಾಕಿ ಆಫೀಸಿನ ಕಿಟಕಿಗೆ ಹಲಗೆ ಹೊಡೆಯಲು ಒದ್ದಾಡುತ್ತಿದ್ದೆ. ಹಲಗೆ ಹಿಡಿದರೆ ಮೊಳೆ ಹಿಡಿಯಲು ಕೈಯಿಲ್ಲ.

ಸಣ್ಣ ಕಾರು ಬಂದು ನಿಂತಿತು. ಬಾನೆಟ್ಟೆಲ್ಲ ತಗ್ಗು ಬಿದ್ದಿತ್ತು. ರೊಸೆಲ್ಲಾ ಇಳಿದು, ಹಿಂದಿನ ಬಾಗಿಲು ತೆಗೆದು, ಪ್ಲೈವುಡ್ಡಿನ ಎರಡು ಹಾಳೆ ಎಳೆದು ಗೋಡೆಗೆ ಒರಗಿಸಿದಳು. ಬಂದು ನಾನು ಹಿಡಿದಿದ್ದ ಹಲಗೆಯ ಇನ್ನೊಂದು ತುದಿಗೆ ಹೆಗಲು ಕೊಟ್ಟಳು. ನಾಲ್ಕು ಮೊಳೆ ಹೊಡೆದೆ. ಐದನೆಯದು ಬಾಗಿತು.

"ಅದು ಸೊಟ್ಟಗಿದೆ," ಅಂದಳು.

"ಅಷ್ಟು ಕಂಡರೆ ನೀನೇ ಹೊಡಿ," ಅಂದೆ.

ಅವಳು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಏಣಿಯಿಂದ ಇಳಿ ಮತ್ತೆ," ಅಂದಳು. ಇಳಿದೆ. ಅವಳು ಹತ್ತಿದಳು. ನಾನು ಕೆಳಗೆ ನಿಂತು ಏಣಿ ಹಿಡಿದುಕೊಂಡೆ.